ಅಕ್ಕನ ಪಾಲು, ತಮ್ಮನ ಜಕಾತ್

ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯಲ್ಲಿ ತಟ್ಟೆ ಲೋಟ ದಾಟಿಸಲೆಂದು ಒಂದು ಕಿಂಡಿ ಇತ್ತು. ತಮ್ಮ ಆಡಿದ ಮಾತು ಅಕ್ಕನ ಕಿವಿಗೆ ಬಿದ್ದದ್ದು ಆ ಕಿಂಡಿಯಿಂದಲೇ.

ಉಪವಾಸದ ತಿಂಗಳು ಶುರುವಾಗಲು ಇನ್ನೂ ಕೆಲವು ದಿನಗಳಿದ್ದವು. ಅಕ್ಕ ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿಕೊಂಡು, ಹಾಗೇ ಸುಮ್ಮನೆ, ತಮ್ಮನ ಹೆಂಡತಿಯನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದಳು. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಆಕೆ. ಬೆಳಗಿನಿಂದ ನಿಂತು ಕಾಲು ಸೋತಿದ್ದರೂ, ನಾದಿನಿ ಒಬ್ಬಳೇ ಚಹಾ ಸೋಸುತ್ತಿರುವುದನ್ನು ಕಂಡು ಲೋಟ ಜೋಡಿಸಿಕೊಡಲು ನಿಂತಳು. ಹಜಾರದಲ್ಲಿ ಅನಾಥಾಲಯದ ಪರವಾಗಿ ಜಕಾತ್, ಅಂದರೆ ಉಳ್ಳವರು ವರ್ಷಕ್ಕೊಮ್ಮೆ ಬಡವರಿಗೆ ಕೊಡಲೇಬೇಕಾದ ಭಾಗ, ಕೇಳಲು ಯಾರೋ ಇಬ್ಬರು ಬಂದು ಕೂತಿದ್ದರು. ಅಕ್ಕ ಹಿಂದಿನ ಬಾಗಿಲಿಂದ ಬಂದದ್ದು ತಮ್ಮನಿಗೆ ಗೊತ್ತಿರಲಿಲ್ಲ.

"ಈ ಸಲದ್ದು ಹಂಚಿಕೆ ಆಗೋಗಿದೆ ಸಾಹೇಬ್ರೇ," ಎಂದು ತಮ್ಮ ಹೇಳುತ್ತಿದ್ದ. "ನನ್ನ ಜಕಾತ್‌ನಲ್ಲಿ ದೊಡ್ಡ ಭಾಗ ವರ್ಷಾ ವರ್ಷ ನಮ್ಮಕ್ಕನಿಗೇ ಹೋಗುತ್ತೆ. ಪಾಪ, ಗಂಡ ಇಲ್ಲ, ಮಗಳು ಬೇರೆ ಓದ್ತಿದ್ದಾಳೆ. ನಾನಲ್ದೆ ಇನ್ಯಾರು ನೋಡ್ಬೇಕು ಹೇಳಿ? ಒಡಹುಟ್ಟಿದವರಿಗೆ ಕೊಟ್ರೆ ಕೊಟ್ಟ ಪುಣ್ಯ ಒಂದು, ಸಂಬಂಧ ಉಳಿಸಿಕೊಂಡ ಪುಣ್ಯ ಇನ್ನೊಂದು. ಮಿಕ್ಕಿದ್ದು ಫ್ಯಾಕ್ಟರಿ ಗೇಟಲ್ಲಿ ಬಡವರಿಗೆ."

"ನಿಮ್ಮಂಥ ತಮ್ಮ ಎಲ್ರಿಗೂ ಸಿಗಲ್ಲ ಬಿಡಿ," ಎಂದರು ಬಂದವರು.

ಅಕ್ಕನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿಯ ತುದಿಯಿಂದ ಶುರುವಾದ ಉರಿ ಕುತ್ತಿಗೆಯವರೆಗೆ ಇಳಿಯಿತು. ಅವಳು ತಿರುಗಿ ನಾದಿನಿಯ ಮುಖ ನೋಡಿದಳು. ನಾದಿನಿ ಕಣ್ಣು ಕೆಳಗೆ ಹಾಕಿದಳು. ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದಳು.

"ನಿಂಗೆ ಗೊತ್ತಿತ್ತಾ?"

"ಅಕ್ಕ, ಮೆಲ್ಲಗೆ. ಹೊರಗಿನೋರು ಇದ್ದಾರೆ."

"ಗೊತ್ತಿತ್ತಾ ಅಂದೆ."

ನಾದಿನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಅಕ್ಕ ಲೋಟವನ್ನು ಕುಕ್ಕಿ, ಚಪ್ಪಲಿ ಮೆಟ್ಟಿ, ಬಂದ ಬಾಗಿಲಿಂದಲೇ ಹೊರಟುಹೋದಳು. ಹಜಾರಕ್ಕೆ ನುಗ್ಗಿ ಆ ಇಬ್ಬರ ಮುಂದೆಯೇ ಅವನ ಮುಖದ ನೀರಿಳಿಸಬೇಕೆಂದು ಕೈಕಾಲು ತುಡಿಯುತ್ತಿತ್ತು. ಸತ್ತ ಅಪ್ಪನ ಹೆಸರು ಊರ ಬಾಯಿಗೆ ಬೀಳುತ್ತದಲ್ಲ ಎಂಬ ಒಂದೇ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಬಂದಳು.

ಅಪ್ಪ ಐಸ್ ಫ್ಯಾಕ್ಟರಿ ಕಟ್ಟಿದ್ದವರು. ಊರೆಲ್ಲ ಅವರನ್ನು ಐಸ್ ಸಾಹೇಬರು ಎಂದೇ ಕರೆಯುತ್ತಿತ್ತು. ಉಪ್ಪುನೀರಿನ ದೊಡ್ಡ ತೊಟ್ಟಿ, ಅದರಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳು, ಗುಡುಗುಡು ಎನ್ನುವ ಕಂಪ್ರೆಸರ್, ಮೀನಿನ ಲಾರಿಗಳು ಬಂದು ನಿಲ್ಲುವ ಎತ್ತರದ ಕಟ್ಟೆ, ಇಷ್ಟೇ ಅವರ ಪ್ರಪಂಚ. ವರ್ಷಕ್ಕೊಮ್ಮೆ ಮಾತ್ರ ಅವರು ಆ ಸದ್ದನ್ನು ಬಿಟ್ಟು ಸಂಜೆ ಹೊತ್ತು ಮಗಳ ಕೈ ಹಿಡಿದು ಗಲ್ಲಿಗಳಲ್ಲಿ ನಡೆಯುತ್ತಿದ್ದರು. ಒಂದೊಂದು ಮನೆಯ ಬಾಗಿಲು ತಟ್ಟಿ, ಕೈಯಲ್ಲಿ ಕೈ ಇಟ್ಟ ಹಾಗೆ ಮಾಡಿ ದುಡ್ಡು ದಾಟಿಸಿ, ಮಾತಾಡದೆ ಮುಂದೆ ಹೋಗುತ್ತಿದ್ದರು. ಒಳಗೆ ಬನ್ನಿ ಎಂದರೂ ಹೋಗುತ್ತಿರಲಿಲ್ಲ.

"ಯಾಕಪ್ಪ ಓಡ್ತೀರಿ?" ಎಂದು ಅವಳು ಕೇಳಿದ್ದಳು.

"ಅವ್ರದ್ದು ನಮ್ಮ ಹತ್ರ ಇತ್ತು, ತಂದುಕೊಟ್ಟೆ. ತಂದುಕೊಟ್ಟವನು ಕೂತು ಉಪಚಾರ ಮಾಡಿಸ್ಕೋಬಾರ್ದು," ಎಂದಿದ್ದರು ಅಪ್ಪ. "ಜಕಾತ್ ಅಂದ್ರೆ ಶುದ್ಧಿ ಕಣಮ್ಮ. ಮೈಗೆ ಸ್ನಾನ ಹೇಗೋ ದುಡ್ಡಿಗೆ ಇದು. ನಾನು ಸ್ನಾನ ಮಾಡಿದೆ ಅಂತ ಯಾರಾದ್ರೂ ಊರೆಲ್ಲ ಹೇಳ್ಕೊಂಡು ತಿರುಗ್ತಾರಾ?"

ಅಪ್ಪ ತೀರಿಕೊಂಡಾಗ ಧರ್ಮದ ಪ್ರಕಾರ ಮಗನಿಗೆ ಎರಡು ಭಾಗ, ಮಗಳಿಗೆ ಒಂದು ಭಾಗ ಎಂದು ಎಲ್ಲರಿಗೂ ಗೊತ್ತಿತ್ತು. ತಮ್ಮನೇ ಬಂದು ಅಕ್ಕನ ಮುಂದೆ ಕೂತಿದ್ದ. ಹಾಸಿಗೆ ಹಿಡಿದಿದ್ದ ಅಮ್ಮ ಪಕ್ಕದಲ್ಲಿದ್ದಳು, ಅವಳಿಗೆ ಔಷಧಿ ಕುಡಿಸುತ್ತಾ ನಾದಿನಿಯೂ ಅಲ್ಲೇ ಇದ್ದಳು. "ಕಂಪ್ರೆಸರ್‌ನ ಗರಗಸದಲ್ಲಿ ಕೊಯ್ದು ಹಂಚೋಕಾಗಲ್ಲ ಅಕ್ಕ," ಎಂದಿದ್ದ. "ಹಂಗೇ ನಡೀಲಿ. ನಿನ್ನ ಪಾಲಿನ ಆದಾಯ ವರ್ಷಾ ವರ್ಷ ನಿನ್ನ ಮನೆಗೆ ಬರುತ್ತೆ." ಅವಳು ಒಪ್ಪಿದ್ದಳು. ಸಹಿ ಗಿಹಿ ಎಂದು ಯಾರೂ ಯೋಚಿಸಿರಲಿಲ್ಲ. ಅಂದಿನಿಂದ ಪ್ರತಿ ವರ್ಷ ಉಪವಾಸಕ್ಕೆ ಮುಂಚೆ ಒಂದೇ ಒಂದು ಲಕೋಟೆ ಬರುತ್ತಿತ್ತು. ಅಪ್ಪನ ಫ್ಯಾಕ್ಟರಿಯ ದುಡ್ಡು ಎಂದು ಅವಳು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದಿಡುತ್ತಿದ್ದಳು.

ಅಷ್ಟೇ ಆಗಿದ್ದರೆ ಬೇರೆ ಮಾತು. ಅವಳ ಹತ್ತಿರ ಅಮ್ಮನ ಬಂಗಾರವಿತ್ತು, ಸಂಬಳದಲ್ಲಿ ಉಳಿಸಿದ್ದಿತ್ತು, ಈ ಲಕೋಟೆಯದ್ದೂ ಇತ್ತು. ಎಲ್ಲ ಸೇರಿಸಿ ವರ್ಷ ತುಂಬಿದ ಕೂಡಲೇ ಅವಳೂ ಜಕಾತ್ ತೆಗೆಯುತ್ತಿದ್ದಳು. ವಾರ್ಡಿನಲ್ಲಿ ಗಂಡ ಬಿಟ್ಟುಹೋದ, ಮನೆಗೆ ಹೋಗಲು ಬಸ್ ಚಾರ್ಜಿಗೂ ಗತಿಯಿಲ್ಲದ ಬಾಣಂತಿಯರು ಇರುತ್ತಿದ್ದರು. ಮಗುವಿಗೆ ಟೋಪಿ ಹಾಕಿ, ಬಟ್ಟೆ ಸುತ್ತಿ ಕೈಗೆ ಕೊಡುವಾಗ ಆ ಸುರುಳಿಯೊಳಗೆ ದುಡ್ಡು ಸೇರಿಸಿಬಿಡುತ್ತಿದ್ದಳು. ಮನೆಗೆ ಹೋಗಿ ಬಿಚ್ಚಿದಾಗ ಸಿಗುತ್ತಿತ್ತು. ಅಪ್ಪನಿಂದ ಕಲಿತದ್ದು.

ಆ ಸಂಜೆ ಮಗಳ ಮುಂದೆ ಇದನ್ನೆಲ್ಲ ಹೇಳಿದಳು.

"ಅಂದ್ರೆ ಮಾಮ ನಿಂಗೆ ಕೊಟ್ಟ ಜಕಾತ್‌ನಲ್ಲಿ ನೀನು ಜಕಾತ್ ಕೊಡ್ತಿದ್ದೆ," ಎಂದಳು ಮಗಳು. "ಚೆನ್ನಾಗಿದೆ. ಒಂದೇ ಕೋಳಿನ ಎರಡು ಸಲ ಮಾರಿದ ಹಂಗಾಯ್ತು."

"ನಗ್ಬೇಡ."

"ನಗ್ತಿಲ್ಲಮ್ಮ. ನನ್ನ ಕಾಲೇಜ್ ಫೀಸೂ ಆ ದುಡ್ಡಲ್ಲೇನಾ?"

"ನನ್ನ ಸಂಬಳದ್ದು. ಒಂದೊಂದು ಪೈಸಾನೂ ನನ್ನ ಸಂಬಳದ್ದು." ಅವಳು ಮೇಜನ್ನು ಗುದ್ದಿದಳು. "ನಾನು ಬಡವಿ ಅಂತ ಅವನಿಗೆ ಹೇಳಿದ್ಯಾರು? ಯಾವತ್ತಾದ್ರೂ ಅವನ ಮುಂದೆ ಕೈ ಒಡ್ಡಿದೀನಾ? ನನ್ನ ಪಾಲು ನುಂಗಿದ್ದಲ್ದೆ, ಅದ್ರಲ್ಲಿ ಒಂದು ಚೂರು ಹರಿದು ನನಗೇ ಎಸೆದು, ಅದಕ್ಕೆ ಪುಣ್ಯ ಬೇರೆ ಬರ್ಕೊಂಡಿದ್ದಾನೆ!"

ಮರುದಿನ ಅವಳು ಮಸೀದಿಯ ಮೌಲ್ವಿಯ ಮನೆಗೆ ಹೋದಳು. ಮೌಲ್ವಿ ಒಳ್ಳೆಯ ಮನುಷ್ಯ, ಮೆದು ಮಾತಿನವರು. ಅವಳು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಕೇಳಿದರು.

"ಪಾಲು ಕೊಡೋದು ಸಾಲ ತೀರಿಸಿದ ಹಾಗೆ ತಾಯಿ. ಅದೇ ದುಡ್ಡು ಜಕಾತ್ ಆಗೋಕೆ ಸಾಧ್ಯ ಇಲ್ಲ," ಎಂದರು ಕೊನೆಗೆ. "ಅಲ್ಲದೆ, ಜಕಾತ್ ಕೊಡೋವಷ್ಟು ಆಸ್ತಿ ನಿಮ್ಮ ಹತ್ರಾನೇ ಇದೆಯಲ್ಲ. ಅಂಥವರಿಗೆ ಜಕಾತ್ ಸಲ್ಲೋದೇ ಇಲ್ಲ."

"ಅಂದ್ರೆ ಅವನು ಇಷ್ಟು ವರ್ಷ ಕೊಟ್ಟಿಲ್ಲ ಅಂತಲೇ ಲೆಕ್ಕ."

"ನಿಮಗೆ ಅಂತ ಬರೆದುಕೊಂಡಿದ್ದರ ಮಟ್ಟಿಗೆ... ಹೌದು."

"ಹಾಗಾದ್ರೆ ಅದನ್ನ ಅವನಿಗೆ ಹೇಳಿ."

ಮೌಲ್ವಿ ಗಡ್ಡ ಸವರಿಕೊಂಡರು. ಮಸೀದಿಯ ಹೊಸ ಚಾವಣಿ ತಮ್ಮನ ಖರ್ಚಿನಲ್ಲಿ ಮುಗಿಯುತ್ತಿರುವುದು ಇಬ್ಬರಿಗೂ ಗೊತ್ತಿತ್ತು. "ನೋಡೋಣ," ಎಂದರು. "ಸಮಯ ನೋಡಿ ಹೇಳ್ತೀನಿ."

"ಯಾವ ಸಮಯ? ಚಾವಣಿ ಮುಗಿದ ಮೇಲಾ?"

ಅವರ ಮುಖ ಸಣ್ಣಗಾಯಿತು. ಅವಳಿಗೆ ಅಯ್ಯೋ ಎನ್ನಿಸಲೂ ಇಲ್ಲ. ಎದ್ದು ಬಂದಳು. ಒಳ್ಳೆಯವರ "ನೋಡೋಣ" ಕೆಟ್ಟವರ "ಇಲ್ಲ"ಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಉಪವಾಸದ ತಿಂಗಳ ನಡುವೆ ತಮ್ಮ ಗೇಟಿನಲ್ಲಿ ಹಂಚುವ ದಿನ ಬಂತು. ಎಷ್ಟೋ ವರ್ಷಗಳಿಂದ ನಡೆದುಬಂದಿದ್ದರೂ ಅಕ್ಕ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಅವತ್ತು ರಜೆ ಹಾಕಿ, ಎದುರೆದುರು ಕೇಳಿಯೇ ಬಿಡುತ್ತೇನೆಂದು ಹೊರಟಳು. ಫ್ಯಾಕ್ಟರಿಯ ತಿರುವಿಗೆ ಬರುತ್ತಿದ್ದಂತೆ ಕಾಲು ನಿಂತಿತು.

ಬೀದಿ ತುಂಬ ಹೆಂಗಸರು. ಗೋಡೆಯ ನೆರಳು ಆಗಲೇ ಸರಿದುಹೋಗಿ ಬಿಸಿಲು ನೆತ್ತಿಯ ಮೇಲೆ ಬಿದ್ದಿತ್ತು. ಕಂಕುಳಲ್ಲಿ ಕೂಸು, ಕೈಯಲ್ಲಿ ಕೋಲು, ಬಾಯಲ್ಲಿ ಹನಿ ನೀರಿಲ್ಲ. ಬೆಳಿಗ್ಗೆಯಿಂದ ನಿಂತಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು. ಗೇಟು ಮುಚ್ಚಿತ್ತು. ಗೇಟಿನ ಮೇಲೆ ತಮ್ಮನ ದೊಡ್ಡ ಭಾವಚಿತ್ರದ ಬ್ಯಾನರ್. ಒಳಗೆ ಶಾಮಿಯಾನ, ಕುರ್ಚಿ, ಕ್ಯಾಮೆರಾ ಹಿಡಿದ ಒಬ್ಬ. ಯಾರೋ ದೊಡ್ಡ ಮನುಷ್ಯರು ಬರುವುದು ತಡವಾಗಿದೆಯಂತೆ, ಅವರು ಬಂದ ಮೇಲೆಯೇ ಶುರುವಂತೆ.

"ಏಯ್, ಲೈನಲ್ಲಿ ನಿಲ್ಲಮ್ಮ!" ಎಂದು ಕಾವಲುಗಾರ ಅಕ್ಕನ ಮೇಲೆ ಲಾಠಿ ಬೀಸಿದ. ಹೊಸಬ, ಅವಳ ಗುರುತಿರಲಿಲ್ಲ. "ಎಲ್ರಿಗೂ ಸಿಗುತ್ತೆ. ಭಿಕ್ಷೆಗೆ ಬಂದು ಇಷ್ಟು ಅರ್ಜೆಂಟಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ "ಗೇಟು ತೆಗೆದ್ರು" ಎಂದು ಕೂಗಿದರು. ಗೇಟು ತೆಗೆದಿರಲಿಲ್ಲ, ಕೇಳಿಸಿದ್ದು ದೊಡ್ಡ ಮನುಷ್ಯರ ಕಾರಿನ ಹಾರನ್. ಆದರೆ ಇಡೀ ಬೀದಿ ಒಮ್ಮೆಲೇ ಮುಂದಕ್ಕೆ ಜರುಗಿತು. ಗೇಟಿನ ಕಬ್ಬಿಣಕ್ಕೆ ಮೈ ಅಮುಕಿಕೊಂಡ ಮುದುಕಿಯೊಬ್ಬಳು ಕೂಗಲೂ ಆಗದೆ ಕುಸಿದಳು. ಅವಳ ಪಕ್ಕದ ಬಸುರಿ ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದುಕೊಂಡು "ಅಮ್ಮಾ" ಎಂದಳು.

ವಾರ್ಡಿನಲ್ಲಿ ಎಷ್ಟೋ ವರ್ಷ ಸಂಬಂಧಿಕರ ಗುಂಪನ್ನು ಹೊರಗಟ್ಟಿದ ಗಂಟಲು ಅದು. "ಹಿಂದಕ್ಕೆ! ಒಬ್ಬೊಬ್ಬರಾಗಿ ಹಿಂದಕ್ಕೆ ಹೆಜ್ಜೆ ಇಡಿ! ಮಕ್ಕಳನ್ನ ಮೇಲೆತ್ತಿ!" ಎಂದು ಅಕ್ಕ ಕೂಗಿದ್ದಕ್ಕೆ ಬೀದಿ ಒಂದು ಕ್ಷಣ ಬೆಚ್ಚಿ ನಿಂತಿತು. ಆ ಒಂದು ಕ್ಷಣದಲ್ಲಿ ಅವಳು ಮುದುಕಿಯನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡಳು, ಬಸುರಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಫ್ಯಾಕ್ಟರಿಯ ಬಲಬದಿಗೆ ಲಾರಿಗಳಿಗೆ ಐಸ್ ತುಂಬುವ ಕಟ್ಟೆಯ ಬಾಗಿಲಿತ್ತು. ಅವಳು ಅದರ ಅಗುಳಿಗೆ ಕಲ್ಲಿನಿಂದ ಒಂದು ಏಟು ಕೊಟ್ಟಳು. ಬಾಗಿಲು ತೆರೆಯಿತು, ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯಿತು.

"ಬನ್ನಿ. ನೂಕಬೇಡಿ. ಎಲ್ರೂ ಬನ್ನಿ. ಕೂತ್ಕೊಳಿ."

ಹೆಂಗಸರು ಒಬ್ಬರ ಹಿಂದೆ ಒಬ್ಬರು ಒಳಗೆ ಬಂದು ಐಸ್ ತುಂಬುವ ಕೋಣೆಯ ಒದ್ದೆ ನೆಲದ ಮೇಲೆ, ಗೋಣಿಚೀಲಗಳ ಮೇಲೆ ಕೂತರು. ಅಕ್ಕ ಕೆಲಸಗಾರನೊಬ್ಬನಿಂದ ಐಸ್ ಗಡ್ಡೆ ಒಡೆಸಿ, ಬಟ್ಟೆಯಲ್ಲಿ ಸುತ್ತಿ ಮುದುಕಿಯ ಹಣೆಗಿಟ್ಟಳು. ತುಟಿಗೆ ನೀರು ಹಿಡಿದಾಗ ಮುದುಕಿ ತಲೆ ಆಡಿಸಿದಳು.

"ಉಪವಾಸ ಇದೀನಿ ಮಗಳೇ."

"ಇನ್ನೊಂದು ದಿನ ಹಿಡೀರಿ ಅಜ್ಜಿ. ಜೀವ ಹೋದ್ಮೇಲೆ ಯಾವ ಉಪವಾಸ? ಕುಡೀರಿ."

ಬಸುರಿಯ ನಾಡಿ ನೋಡಿದಳು, ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒಳಗೆ ಮಗು ಮಿಸುಕಾಡಿತು. ಅಕ್ಕನಿಗೆ ಆಗ ಕಣ್ಣಲ್ಲಿ ನೀರು ಬಂತು, ಅದು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಮ್ಮ ಓಡಿಬಂದ. ಬಿಳಿ ಬಟ್ಟೆ, ಅತ್ತರಿನ ವಾಸನೆ. "ಅಕ್ಕ! ಏನಿದು? ಯಾರು ಬಾಗ್ಲು ಒಡ್ದಿದ್ದು? ಹೊರಗೆ ಎಲ್ಲ ಸಿದ್ಧ ಮಾಡಿದೀನಿ, ದೊಡ್ಡವರು ಬಂದು ಕೂತಿದ್ದಾರೆ—"

"ಒಂದು ಹೆಣ ಬೀಳ್ತಿತ್ತು ಕಣೋ. ನಿನ್ನ ಫೋಟೋದ ಕೆಳಗೆ."

"ಸ್ವಲ್ಪ ನೂಕುನುಗ್ಗಲು ಆಗುತ್ತೆ. ಪ್ರತಿ ವರ್ಷ ಆಗುತ್ತೆ."

"ಪ್ರತಿ ವರ್ಷ!" ಅವಳು ಎದ್ದು ನಿಂತಳು. "ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತರ್ತಾನಲ್ಲ, ಅವನು ಜನರನ್ನ ಬಿಸಿಲಲ್ಲಿ ನಿಲ್ಸಿ ಫೋಟೋ ತೆಗೆಸ್ಕೋತಾನಾ? ಇದು ನಿಂದಲ್ಲ. ಇವ್ರದ್ದು. ನೀನು ತಲುಪಿಸೋನು ಮಾತ್ರ. ಈಗ ಇಲ್ಲೇ, ಇವ್ರು ಕೂತಿರೋ ಕಡೆಗೇ ತಂದುಕೊಡು. ಕ್ಯಾಮೆರಾ ಇಲ್ಲಿಗೆ ಬಂದ್ರೆ ಈ ಉಪ್ಪುನೀರಿನ ತೊಟ್ಟಿಗೆ ಹೋಗುತ್ತೆ, ಹೇಳಿದೀನಿ."

ಅಷ್ಟೊಂದು ಕಣ್ಣುಗಳು ನೋಡುತ್ತಿದ್ದವು. ತಮ್ಮನಿಗೆ ಬೇರೆ ದಾರಿ ಇರಲಿಲ್ಲ. ಲಕೋಟೆಗಳ ಪೆಟ್ಟಿಗೆ ಒಳಗೆ ಬಂತು. ಅಕ್ಕ ಒಂದನ್ನೂ ಮುಟ್ಟಲಿಲ್ಲ. ಅವನ ಕೈಯಿಂದಲೇ, ಅವನೇ ಬಗ್ಗಿ, ನೆಲದ ಮೇಲೆ ಕೂತವರ ಕೈಗೆ ಕೊಡುವ ಹಾಗೆ ಮಾಡಿದಳು. ದೊಡ್ಡ ಮನುಷ್ಯರು ಶಾಮಿಯಾನದಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಬೇರೆ ಕೆಲಸವಿದೆಯೆಂದು ಹೊರಟುಹೋದರು.

ಕೊನೆಯ ಹೆಂಗಸು ಹೋದ ಮೇಲೆ ಆಫೀಸಿನ ಬಾಗಿಲು ಹಾಕಿಕೊಂಡು ತಮ್ಮ ಸಿಡಿದ.

"ಮರ್ಯಾದೆ ತೆಗೆದೆ. ನನ್ನ ಮರ್ಯಾದೆ ಮೂರು ಕಾಸಿಗೆ ಮಾಡಿದೆ."

"ನಿನ್ನ ಹಜಾರದಲ್ಲಿ ಕೂತು ನನ್ನದನ್ನ ಎಷ್ಟು ಕಾಸಿಗೆ ಮಾಡ್ದೆ? ಪಾಪದ ಅಕ್ಕ. ಗತಿಯಿಲ್ಲದ ಅಕ್ಕ."

ಅವನು ಅಂಗಿಯ ತೋಳು ಮೇಲೆಳೆದುಕೊಂಡ. ಆಮೇಲೆ, ಎಷ್ಟೋ ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನು ಕಕ್ಕುವ ಹಾಗೆ ಶುರುಮಾಡಿದ. "ಪಾಲಂತೆ ಪಾಲು. ಅಪ್ಪ ಬಿಟ್ಟುಹೋದಾಗ ಇಲ್ಲಿ ಇದ್ದದ್ದೇನು? ತುಕ್ಕು. ಅಮೋನಿಯಾ ಸೋರಿದಾಗ ಒದ್ದೆ ಬಟ್ಟೆ ಮುಖಕ್ಕೆ ಕಟ್ಕೊಂಡು ಒಳಗೆ ನುಗ್ಗಿದ್ದು ಯಾರು? ನೀನಾ? ಈ ಕೈ ನೋಡು." ಅವನ ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಗುರುತಿತ್ತು. "ನೀನು ಒಂದು ದಿನ ಬಂದು ಇಲ್ಲಿ ನಿಂತಿದೀಯಾ?"

ಅದು ಸುಳ್ಳಾಗಿರಲಿಲ್ಲ. ಅವಳು ಆ ಗಾಯವನ್ನು ನೋಡಿದಳು. "ಇಲ್ಲ, ನಿಂತಿಲ್ಲ," ಎಂದಳು. "ನಿನ್ನ ದುಡಿಮೆಗೆ ಸಂಬಳ ತಗೋ. ಎಷ್ಟಾದ್ರೂ ತಗೋ, ಚಕಾರ ಎತ್ತಲ್ಲ. ಆದ್ರೆ ಅದನ್ನ ಮುಖಕ್ಕೆ ಹೇಳ್ಬೇಕಿತ್ತು. ಅಕ್ಕ, ನಾನು ಕಷ್ಟಪಟ್ಟಿದೀನಿ, ನಿನ್ನ ಪಾಲು ಕಮ್ಮಿ ಮಾಡ್ತೀನಿ ಅನ್ಬೇಕಿತ್ತು. ಜಗಳ ಆಡಿ ಮುಗಿಸ್ತಿದ್ವಿ. ನೀನು ದೇವರಿಗೆ ಕೊಡ್ಬೇಕಾದ್ದನ್ನ ನನಗೆ ಕೊಟ್ಟೆ, ನನಗೆ ಕೊಡ್ಬೇಕಾದ್ದನ್ನ ನುಂಗಿದೆ. ಇಬ್ರಿಗೂ ಟೋಪಿ."

"ನಿನ್ನ ಪಾಲು ಅಂತ ಎಲ್ಲಿದೆ ಕಾಗದ? ತೋರ್ಸು."

"ಅಮ್ಮನ ಮುಂದೆ ನೀನೇ ಹೇಳಿದ್ದೆ."

"ಅಮ್ಮ ಇಲ್ಲ."

"ನಾನಿದೀನಿ," ಎಂದಿತು ಒಂದು ದನಿ.

ನಾದಿನಿ ಬಾಗಿಲು ತೆರೆದು ನಿಂತಿದ್ದಳು. ಹಂಚುವ ದಿನ ಅವಳು ಯಾವಾಗಲೂ ಬರುತ್ತಿದ್ದಳು, ಹಿಂದೆಲ್ಲೋ ನಿಲ್ಲುತ್ತಿದ್ದಳು. ಅವಳ ಮುಖ ಬಿಳಿಚಿತ್ತು, ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಿತ್ತು. "ಅತ್ತೆಗೆ ಔಷಧಿ ಕುಡಿಸ್ತಿದ್ದೆ. ನೀವು ಹೇಳಿದ್ದು ನಾನು ಕೇಳಿಸ್ಕೊಂಡಿದೀನಿ. ಎಲ್ಲಿ ಕೇಳಿದ್ರೂ ಹೇಳ್ತೀನಿ."

"ನೀನು ಮನೆಗೆ ಹೋಗು."

"ಹೋಗಲ್ಲ. ಆ ಅಜ್ಜಿ ಗೇಟಿಗೆ ಸಿಕ್ಕಿಹಾಕ್ಕೊಂಡಿದ್ದನ್ನ ನಾನು ಕಿಟಕಿಯಿಂದ ನೋಡ್ತಾ ನಿಂತಿದ್ದೆ. ಓಡಿ ಬರೋಕೆ ಕಾಲೇ ಬರ್ಲಿಲ್ಲ. ಇಷ್ಟು ವರ್ಷ ಎಲ್ಲದಕ್ಕೂ ಹಂಗೇ ನಿಂತಿದೀನಿ." ಅವಳು ಅಳುತ್ತಿದ್ದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ತಮ್ಮ ಕುರ್ಚಿಯಲ್ಲಿ ಕುಸಿದು ಕೂತ. ಅಕ್ಕನಿಗೆ ಗೆದ್ದೆ ಎನ್ನಿಸಲಿಲ್ಲ. ನಾದಿನಿಯ ಮೇಲಿದ್ದ ಸಿಟ್ಟೂ ಇಳಿದಿರಲಿಲ್ಲ. ಅವಳು ಹೊರಬಂದಳು.

ಆಮೇಲೆ ನಡೆದದ್ದು ಬೇಗ ಮುಗಿಯಲಿಲ್ಲ. ಹಿರಿಯರು ಸೇರಿದರು, ಚಹಾ ಕುಡಿದು ಎದ್ದರು. "ಒಡಹುಟ್ಟಿದವರು, ಹೊಂದ್ಕೊಂಡು ಹೋಗಮ್ಮ" ಎಂದವರಿಗೆಲ್ಲ ಅವಳು ಒಂದೇ ಉತ್ತರ ಕೊಟ್ಟಳು: "ಹೊಂದ್ಕೊಳ್ಳೋಕೆ ಅವನಿಗೆ ಹೇಳಿ." ವಕೀಲರ ನೋಟಿಸ್ ಹೋಯಿತು. ತಮ್ಮ ಫೋನ್ ಎತ್ತುವುದು ಬಿಟ್ಟ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದ. ಮಗಳ ಮದುವೆಗೆ ಯಾರು ನಿಲ್ಲುತ್ತಾರೆ ಎಂದು ನೆಂಟರು ಹೆದರಿಸಿದರು. ಮಗಳು ಆ ನೆಂಟರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಒಂದು ಶುಕ್ರವಾರ, ಮಸೀದಿಯ ಚಾವಣಿ ಇನ್ನೂ ಅರ್ಧ ಇರುವಾಗಲೇ, ಮೌಲ್ವಿ ಎಲ್ಲರೆದುರು ಹೆಣ್ಣುಮಕ್ಕಳ ಪಾಲಿನ ಬಗ್ಗೆ ಮಾತಾಡಿದರಂತೆ. ಯಾರ ಹೆಸರನ್ನೂ ಎತ್ತಲಿಲ್ಲ. ಪಾಲು ತಿಂದವನು ಕೊಟ್ಟ ಜಕಾತ್ ಕೊಳಕು ನೀರಲ್ಲಿ ಬಟ್ಟೆ ಒಗೆದ ಹಾಗೆ ಎಂದು ಮಾತ್ರ ಹೇಳಿದರಂತೆ. ತಮ್ಮ ಮೊದಲ ಸಾಲಿನಲ್ಲಿದ್ದನಂತೆ. ಚಾವಣಿಯ ಕೆಲಸ ಮರುವಾರವೇ ನಿಂತಿತು. ಅಕ್ಕ ಮೌಲ್ವಿಯ ಮನೆಗೆ ಹೋಗಿ, ಅವತ್ತು ಆಡಿದ ಮಾತಿಗೆ ಕ್ಷಮಿಸಿ ಎಂದು ಹೇಳಿ ಬಂದಳು.

ಕೊನೆಗೆ ತಮ್ಮನೇ ಬಗ್ಗಿದ. ಯಾವುದಕ್ಕೆ ಬಗ್ಗಿದನೋ, ನೋಟಿಸಿಗೋ, ಮೌಲ್ವಿಯ ಮಾತಿಗೋ, ಮನೆಯಲ್ಲಿ ಹೆಂಡತಿ ಹಿಡಿದ ಹಟಕ್ಕೋ, ಅವನಿಗೇ ಗೊತ್ತು. ಫ್ಯಾಕ್ಟರಿಯ ಹಿಂದಿನ ಶೀತಲ ಗೋದಾಮು ಅಕ್ಕನ ಹೆಸರಿಗೆ ಬಂತು. ಹಳೆಯ ವರ್ಷಗಳ ಬಾಕಿಯಲ್ಲಿ ಅವನ ದುಡಿಮೆಯನ್ನು ಕಳೆದು ಉಳಿದದ್ದೂ ಬಂತು. ನೋಂದಣಿ ಕಚೇರಿಯಲ್ಲಿ ಅವನು ಅವಳ ಕಡೆ ನೋಡದೆ ಸಹಿ ಹಾಕಿದ. ಪೆನ್ನನ್ನು ಮೇಜಿನ ಮೇಲೆ ಎಸೆದ.

"ಆಯ್ತಾ? ಸಮಾಧಾನನಾ?"

"ಇಲ್ಲ," ಎಂದಳು ಅಕ್ಕ. "ಇದು ಕೇಳದೆ ಬರ್ಬೇಕಿತ್ತು."

ಅವನು ಮೆಟ್ಟಿಲಿಳಿದು ಹೋದ. ನಾದಿನಿ ಹಿಂದೆ ಉಳಿದಳು. ಇಬ್ಬರೂ ಕಚೇರಿಯ ಮೆಟ್ಟಿಲ ಮೇಲೆ, ಛಾಪಾಕಾಗದ ಮಾರುವವನ ಪಕ್ಕದಲ್ಲಿ ನಿಂತರು. ಬಹಳ ದಿನಗಳ ಮೇಲೆ ಅಷ್ಟು ಹತ್ತಿರ ನಿಂತದ್ದು.

"ಹಳೇ ವರ್ಷಗಳದ್ದೆಲ್ಲ ಹೊಸದಾಗಿ ಜಕಾತ್ ತೆಗೀತಿದ್ದಾರೆ ಅಕ್ಕ," ಎಂದಳು ನಾದಿನಿ ಮೆಲ್ಲಗೆ. "ನಿಮಗೆ ಅಂತ ಬರೆದುಕೊಂಡಿದ್ದಷ್ಟೂ. ಆ ಅನಾಥಾಲಯದವ್ರಿಗೂ ಹೋಯ್ತು. ಗೇಟಲ್ಲಿ ಹಂಚೋದು ಬಿಟ್ಟಿದ್ದಾರೆ. ಸಂಜೆ ಹೊತ್ತು ಅವರೇ ಹೋಗಿ ಕೊಟ್ಟು ಬರ್ತಾರೆ. ವಾಪಸ್ ಬಂದು ಲೆಕ್ಕ ಹಾಕ್ತಾ ಹಾಕ್ತಾ ನಿಮ್ಮನ್ನ ಬಾಯಿಗೆ ಬಂದಂಗೆ ಬೈತಾರೆ."

ಅಕ್ಕನಿಗೆ ನಗು ಬಂದುಬಿಟ್ಟಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ಬೈಲಿ ಬಿಡು. ಸಲ್ಲಬೇಕಾದೋರ ಕೈಗೆ ಕೊಟ್ಟು ಎಷ್ಟಾದ್ರೂ ಬೈಲಿ."

"ನಮ್ಮನೆಗೆ ಯಾವಾಗ ಬರ್ತೀರಿ?"

"ಬರಲ್ಲ. ಈಗ ಬರಲ್ಲ," ಎಂದಳು ಅಕ್ಕ. "ನಿನ್ನ ಮೇಲೂ ಇನ್ನೂ ಸಿಟ್ಟಿದೆ ನಂಗೆ. ಅದು ತಾನಾಗಿ ಹೋಗೋವರೆಗೆ ಇಟ್ಕೋತೀನಿ. ನೀನೇ ಬಾ."

ನಾದಿನಿ ತಲೆಯಾಡಿಸಿದಳು. ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತಿತ್ತು. ಅಕ್ಕ ಕಾಗದಗಳನ್ನು ಬ್ಯಾಗಿಗೆ ತುರುಕಿಕೊಂಡು, ಬಸ್ ಹಿಡಿಯಲು ಬಿರಬಿರನೆ ನಡೆದಳು.